ಗಮಕಕ್ಕೆ ಗ್ರಿಡ್ಡಿನ ಹಂಗಿಲ್ಲ

ಕನ್ನಡದ ಸಿನಿಮಾ ಹಾಡೊಂದು ಮುದ್ರಣವಾಗಬೇಕೆಂದರೆ ಮದ್ರಾಸಿನ ರೈಲು ಹತ್ತಬೇಕಿದ್ದ ಕಾಲವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅಲ್ಲಿನ ಸ್ಟುಡಿಯೊಗಳಲ್ಲಿ ವಯೊಲಿನ್ ಸಾಲು, ಕೊಳಲು, ತಬಲಾ, ಕೋರಸ್, ಗಾಯಕರು ಎಲ್ಲರೂ ಒಟ್ಟಿಗೆ ಕೂತು ಹಾಡನ್ನು ಒಂದೇ ಓಟಕ್ಕೆ ಮುಗಿಸಬೇಕಿತ್ತು. ಕೊನೆಯ ಚರಣದಲ್ಲಿ ಒಬ್ಬರ ಬೆರಳು ಜಾರಿದರೂ ಮತ್ತೆ ಪಲ್ಲವಿಯಿಂದ ಶುರು. ಟೇಪಿನಲ್ಲಿ ತಿದ್ದುವುದೆಂದರೆ ಬ್ಲೇಡಿನಿಂದ ಕೊಯ್ದು ಅಂಟಿಸುವುದು. ಶಂಕರ್ ನಾಗ್ ಬೆಂಗಳೂರಿನಲ್ಲಿ ‘ಸಂಕೇತ್’ ಸ್ಟುಡಿಯೊ ಕಟ್ಟಿದಾಗ ಕನ್ನಡಕ್ಕೆ ತನ್ನ ನೆಲದಲ್ಲೇ ಒಂದು ಮುದ್ರಣದ ಮನೆ ಸಿಕ್ಕಿತು. ಅಂಥ ಮನೆಯ ದೊಡ್ಡ ಕನ್ಸೋಲ್, ಟೇಪ್ ಯಂತ್ರ, ಪ್ರತಿಧ್ವನಿ ಸೇರಿಸುವ ಪೆಟ್ಟಿಗೆ, ಆ ಬ್ಲೇಡು ಎಲ್ಲವೂ ಇಂದು ಲ್ಯಾಪ್‌ಟಾಪಿನ ಒಂದು ತಂತ್ರಾಂಶದೊಳಗೆ ಬಂದು ಕೂತಿವೆ. ಡಿಜಿಟಲ್ ಆಡಿಯೊ ವರ್ಕ್‌ಸ್ಟೇಷನ್ ಎಂಬುದು ಅದರ ಪೂರ್ಣ ಹೆಸರು. ಸ್ಟುಡಿಯೊ ಮಂದಿ ‘ಡಾ’ ಎಂದು ಚುಟುಕಾಗಿ ಕರೆಯುತ್ತಾರೆ.

ಇದನ್ನು ಕಲಿಸುವ ವಿಡಿಯೊಗಳಿಗೆ ಬರವಿಲ್ಲ. ಆದರೆ ಹೆಚ್ಚಿನವು ಎರಡು ನಂಬಿಕೆಗಳ ಮೇಲೆ ನಿಂತಿವೆ: ತಾಳವೆಂದರೆ ನಾಲ್ಕರ ಎಣಿಕೆ, ಸ್ವರವೆಂದರೆ ಕೀಬೋರ್ಡಿನ 12 ಮನೆ. ನಮ್ಮ ಹಾಡುಗಾರಿಕೆ ಆ ಎರಡರ ಆಚೆಗೂ ಬದುಕಿಕೊಂಡು ಬಂದಿದೆ. ತಂತ್ರಾಂಶ ಅದಕ್ಕೂ ಒಗ್ಗುತ್ತದೆ, ಒಗ್ಗಿಸುವ ಬಗೆ ತಿಳಿದಿರಬೇಕು ಅಷ್ಟೆ. ಈ ಲೇಖನದ ಕಾಳಜಿ ಮುಖ್ಯವಾಗಿ ಅದೇ.

ಡಾ ಹುಟ್ಟಿದ್ದು ಎರಡು ಕವಲುಗಳಿಂದ. ಒಂದು, ಧ್ವನಿಯನ್ನೇ ಅಂಕಿಗಳಾಗಿ ಹಿಡಿದಿಡುವ ಕವಲು. ಕ್ಯಾಲಿಫೋರ್ನಿಯಾದ ಪೀಟರ್ ಗಾಚರ್ ಮತ್ತು ಇವಾನ್ ಬ್ರೂಕ್ಸ್ ಎಂಬ ಗೆಳೆಯರು ಡ್ರಮ್ ಯಂತ್ರಗಳಿಗೆ ಹೊಸ ಧ್ವನಿಯ ಚಿಪ್ ತಯಾರಿಸಿ ಮಾರುತ್ತಿದ್ದರು. ಅವರ ಡಿಜಿಡಿಸೈನ್ ಕಂಪನಿ 1991ರಲ್ಲಿ ಪ್ರೊ ಟೂಲ್ಸ್ ಹೊರತಂದಿತು. ಅದರಲ್ಲಿ ಇದ್ದದ್ದು 4 ಟ್ರ್ಯಾಕ್, ಬೆಲೆ ಸುಮಾರು 6,000 ಡಾಲರ್. ಇನ್ನೊಂದು ಕವಲು 1983ರಲ್ಲಿ ಬಂದ ಮಿಡಿ ಎಂಬ ಒಪ್ಪಂದದ್ದು. ಮಿಡಿಯಲ್ಲಿ ಧ್ವನಿಯೇ ಇರುವುದಿಲ್ಲ. ಯಾವ ಕೀ, ಎಷ್ಟು ಜೋರಾಗಿ, ಎಷ್ಟು ಹೊತ್ತು ಎಂಬ ಸೂಚನೆ ಮಾತ್ರ ಇರುತ್ತದೆ. ಆ ಸೂಚನೆಯನ್ನು ಸಿತಾರಿಗೆ ಕೊಟ್ಟರೆ ಸಿತಾರು, ಕೊಳಲಿಗೆ ಕೊಟ್ಟರೆ ಕೊಳಲು. ಜರ್ಮನಿಯ ಹ್ಯಾಂಬರ್ಗ್‌ನ ಸ್ಟೈನ್‌ಬರ್ಗ್ ಕಂಪನಿಯ ಕ್ಯೂಬೇಸ್ 1989ರಲ್ಲಿ ಈ ಸೂಚನೆಗಳನ್ನು ತೆರೆಯ ಮೇಲೆ ಎಡದಿಂದ ಬಲಕ್ಕೆ ಹರಿಯುವ ಪಟ್ಟಿಗಳಾಗಿ ಜೋಡಿಸಿ ತೋರಿಸಿತು. 1996ರ ಕ್ಯೂಬೇಸ್ ವಿಎಸ್‌ಟಿಯಲ್ಲಿ ಎರಡೂ ಕವಲುಗಳು ಕೂಡಿ, ಪ್ರತಿಧ್ವನಿಯಂಥ ಪರಿಣಾಮಗಳನ್ನೂ ಬೇರೆ ಯಂತ್ರದ ನೆರವಿಲ್ಲದೆ ಕಂಪ್ಯೂಟರಿನೊಳಗೇ ಸೇರಿಸುವುದು ಸಾಧ್ಯವಾಯಿತು. ಈಗ ಯಾವ ಡಾ ತೆರೆದರೂ ಕಾಣುವುದು ಅದೇ ನೋಟ: ಮೇಲಿಂದ ಕೆಳಗೆ ಟ್ರ್ಯಾಕುಗಳು, ಎಡದಿಂದ ಬಲಕ್ಕೆ ಕಾಲ.

ಈ ತಂತ್ರಾಂಶದ ಒಂದು ಗುಣವನ್ನು ಮೊದಲೇ ಅರಿತುಕೊಂಡರೆ ಅರ್ಧ ಹೆದರಿಕೆ ಹೋಗುತ್ತದೆ. ಇಲ್ಲಿ ನೀವು ಕತ್ತರಿಸಿದ್ದು ನಿಜವಾಗಿ ತುಂಡಾಗುವುದಿಲ್ಲ. ಹಾಡಿದ್ದು ಹಾರ್ಡ್ ಡಿಸ್ಕಿನಲ್ಲಿ ಇದ್ದ ಹಾಗೇ ಇರುತ್ತದೆ. ಎಲ್ಲಿಂದ ಎಲ್ಲಿಯವರೆಗೆ ನುಡಿಸಬೇಕು, ಎಲ್ಲಿ ತಗ್ಗಿಸಬೇಕು, ಎಲ್ಲಿ ಜೋಡಿಸಬೇಕು ಎಂಬ ಟಿಪ್ಪಣಿಯನ್ನಷ್ಟೇ ತಂತ್ರಾಂಶ ಬರೆದುಕೊಳ್ಳುತ್ತದೆ. ದರ್ಜಿ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದಂತೆ. ಅಳಿಸಬಹುದು, ಮತ್ತೆ ಎಳೆಯಬಹುದು. ಹಾಗಾಗಿ ಗಾಯಕಿ ಚರಣವನ್ನು ಐದು ಸಲ ಹಾಡಿದರೆ ಐದೂ ಟೇಕುಗಳು ಒಂದರ ಕೆಳಗೊಂದು ಉಳಿಯುತ್ತವೆ. ಮೊದಲ ಸಾಲು ಎರಡನೆಯ ಟೇಕಿನಿಂದ, ಕೊನೆಯ ಸಾಲು ನಾಲ್ಕನೆಯದರಿಂದ ಆರಿಸಿಕೊಳ್ಳಬಹುದು. ನನ್ನ ಮಟ್ಟಿಗೆ ಈ ಸೌಕರ್ಯದ ದೊಡ್ಡ ಫಲ ಗಾಯಕರ ಮನಸ್ಸಿನ ಮೇಲಾಗಿದೆ: ತಪ್ಪಿದರೂ ಏನೂ ಕೆಡುವುದಿಲ್ಲ ಎಂದು ಗೊತ್ತಿದ್ದವರು ಧೈರ್ಯವಾಗಿ ಹಾಡುತ್ತಾರೆ.

ಇನ್ನು ಗ್ರಿಡ್ಡಿನ ಮಾತು. ಹೊಸ ಪ್ರಾಜೆಕ್ಟ್ ತೆರೆದ ಕೂಡಲೇ ತೆರೆಯ ಮೇಲೆ ಉದ್ದಕ್ಕೂ ಗೆರೆಗಳು ಬಿದ್ದಿರುತ್ತವೆ. ನಿಮಿಷಕ್ಕೆ 120 ಬೀಟ್, 4/4 ತಾಳ ಎಂದು ತಂತ್ರಾಂಶ ತಾನೇ ಅಂದುಕೊಂಡಿರುತ್ತದೆ. ಏನು ಎಳೆದರೂ ಹತ್ತಿರದ ಗೆರೆಗೆ ಹೋಗಿ ಅಂಟಿಕೊಳ್ಳುವ ‘ಸ್ನ್ಯಾಪ್’ ಕೂಡ ಚಾಲೂ ಇರುತ್ತದೆ. ಆದಿತಾಳದ ಸುಗಮ ಸಂಗೀತಕ್ಕೆ ಇದರಿಂದ ತೊಂದರೆಯಿಲ್ಲ. ಮಿಶ್ರಛಾಪುವಿಗೆ 7/8, ಖಂಡಛಾಪುವಿಗೆ 5/8 ಎಂದು ಕೊಟ್ಟರೆ ಗೆರೆಗಳೂ ಲಯ ಎಣಿಸುವ ಕ್ಲಿಕ್ ಸದ್ದೂ ಅದರಂತೆ ಬದಲಾಗುತ್ತವೆ. ನಿಜವಾದ ತೊಡಕು ಬರುವುದು ಕಾಲಪ್ರಮಾಣದಲ್ಲಿ. ಪಕ್ಕವಾದ್ಯದವರೊಡನೆ ಕೂತು ಹಾಡುವಾಗ ಲಯ ಉಸಿರಾಡುತ್ತದೆ. ಚರಣದಲ್ಲಿ ಕೂದಲೆಳೆಯಷ್ಟು ಮುಂದೆ ಸಾಗಿ, ಪಲ್ಲವಿಗೆ ಬಂದಾಗ ಕೂತುಕೊಳ್ಳುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿ ಕ್ಲಿಕ್ ಕೇಳಿಸಿದರೆ ಆ ಉಸಿರು ಕಟ್ಟಿದಂತಾಗುತ್ತದೆ. ಭಾಗವತರೊಬ್ಬರು ಕ್ಲಿಕ್ಕಿಗೆ ಯಕ್ಷಗಾನದ ಪದ ಹಾಡುವುದನ್ನು ಊಹಿಸಿಕೊಳ್ಳಿ. ಮದ್ದಳೆ, ಚೆಂಡೆಗಳೊಡನೆ ಅವರು ನಡೆಸುವ ಮಾತುಕತೆಯೇ ಅಲ್ಲಿ ನಿಂತುಹೋಗುತ್ತದೆ.

ಇದಕ್ಕೆ ದಾರಿ ಇದೆ, ಅದು ಕಷ್ಟದ್ದೂ ಅಲ್ಲ. ಕ್ಲಿಕ್ ಆಫ್ ಮಾಡಿ. ಸ್ನ್ಯಾಪ್ ಆಫ್ ಮಾಡಿ. ರೀಪರ್ ಎಂಬ ಡಾದಲ್ಲಿ ಆಲ್ಟ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಸಾಕು, ಪ್ರೊ ಟೂಲ್ಸ್‌ನಲ್ಲಿ ಗ್ರಿಡ್ ಬಿಟ್ಟು ಸ್ಲಿಪ್ ಎಂಬುದಕ್ಕೆ ಹೋದರೆ ಆಯಿತು. ತಂಬೂರಿಯ ಶ್ರುತಿಯನ್ನು ಮಾತ್ರ ಕಿವಿಗೆ ಕೊಟ್ಟು ಹಾಡಿಸಿ. ಮುದ್ರಣ ಮುಗಿದ ಮೇಲೆ ಪ್ರತಿ ಆವರ್ತನದ ಸಮ ಎಲ್ಲಿ ಬಿದ್ದಿದೆಯೋ ಅಲ್ಲಿ ಟೆಂಪೊ ಗುರುತು ಹಾಕುತ್ತ ಹೋಗಿ. ಆಗ ಗೆರೆಗಳೇ ಹಾಡಿನ ಹಿಂದೆ ನಡೆದು ಬರುತ್ತವೆ. ಆಮೇಲೆ ಸೇರಿಸುವ ಕೀಬೋರ್ಡ್, ರಿದಂ ಪ್ಯಾಡ್ ಎಲ್ಲವೂ ಹಾಡುಗಾರರ ಲಯಕ್ಕೆ ಹೊಂದಿಕೊಳ್ಳುತ್ತವೆ. ಒಂದು ಹಾಡಿಗೆ ಒಂದಷ್ಟು ಹೊತ್ತು ಹೆಚ್ಚು ಹಿಡಿಯುತ್ತದೆ, ನಿಜ. ಕೇಳಿದಾಗ ಆ ಹೊತ್ತು ಸಾರ್ಥಕವೆನಿಸುತ್ತದೆ.

ಸ್ವರದ ವಿಷಯ ಇನ್ನೂ ಸೂಕ್ಷ್ಮ. ಕೀಬೋರ್ಡಿನಲ್ಲಿ ಒಂದು ಸ್ಥಾಯಿಯನ್ನು 12 ಸಮ ಪಾಲು ಮಾಡಿ, ಒಂದೊಂದು ಪಾಲಿಗೆ 100 ಸೆಂಟ್ ಎಂದು ಲೆಕ್ಕ ಇಟ್ಟಿದ್ದಾರೆ. ಅದರಂತೆ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ ಮೇಲಿದೆ. ಆದರೆ ತಂಬೂರಿಯ ಷಡ್ಜದ ತಂತಿಯಿಂದ ತಾನಾಗಿ ಹೊಮ್ಮುವ ಸ್ವಯಂಭೂ ಗಾಂಧಾರ ಇರುವುದು 386 ಸೆಂಟಿನಲ್ಲಿ. ತಂಬೂರಿಯನ್ನೂ ಕೀಬೋರ್ಡಿನ ಉದ್ದನೆಯ ಕಾರ್ಡನ್ನೂ ಒಟ್ಟಿಗೆ ನುಡಿಸಿದಾಗ ಏನೋ ಕಚ್ಚಿದಂತೆ ಕೇಳಿಸುವುದು ಈ 14 ಸೆಂಟಿನ ಜಗಳದಿಂದ. ಪಂಚಮದಲ್ಲಿ ವ್ಯತ್ಯಾಸ 2 ಸೆಂಟ್ ಮಾತ್ರ. ಆದ್ದರಿಂದ ತಂಬೂರಿ ಇರುವ ಹಾಡಿಗೆ ಹಿನ್ನೆಲೆಯಾಗಿ ಷಡ್ಜ, ಪಂಚಮಗಳನ್ನು ಮಾತ್ರ ಹಿಡಿದರೆ ಹಿತವಾಗಿರುತ್ತದೆ. ಕಾರ್ಡು ಬೇಕೇಬೇಕೆಂದಿದ್ದರೆ ಆ ಟ್ರ್ಯಾಕಿನ ಗಾಂಧಾರವನ್ನು ಆ 14 ಸೆಂಟಿನಷ್ಟು ಕೆಳಗಿಳಿಸಬಹುದು; ಡಾಗೆ ಜೋಡಿಸುವ ಕಿರು ತಂತ್ರಾಂಶಗಳಾದ ಅನೇಕ ಸಿಂಥ್ ಪ್ಲಗಿನ್‌ಗಳಲ್ಲಿ ಈ ಅವಕಾಶವಿದೆ.

ಶ್ರುತಿ ತಿದ್ದುವ ಪ್ಲಗಿನ್ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಆಟೊ-ಟ್ಯೂನ್ ರೂಪಿಸಿದ ಆ್ಯಂಡಿ ಹಿಲ್ಡೆಬ್ರಾಂಡ್ ಮೊದಲು ಭೂಗರ್ಭದ ಕಂಪನದ ಅಲೆಗಳನ್ನು ಓದಿ ತೈಲ ಹುಡುಕುವ ಗಣಿತದಲ್ಲಿ ಪಳಗಿದವರು. ಅದೇ ಬಗೆಯ ಗಣಿತವನ್ನು ದನಿಗೆ ಹೂಡಿ 1997ರಲ್ಲಿ ಆಟೊ-ಟ್ಯೂನ್ ತಂದರು. ದನಿ ಸ್ವರಸ್ಥಾನದಿಂದ ಸರಿದರೆ ಅದು ಹತ್ತಿರದ ಸ್ವರಕ್ಕೆ ಎಳೆದು ಕೂರಿಸುತ್ತದೆ. ಅದಕ್ಕೆ ತಿಳಿದಿರುವುದು ಸ್ವರದ ಮನೆಗಳು ಮಾತ್ರ. ಮನೆಯಿಂದ ಮನೆಗೆ ಹೋಗುವ ದಾರಿಯಲ್ಲೇ ರಾಗ ಇದೆ ಎಂಬುದು ಅದಕ್ಕೆ ತಿಳಿಯದು. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವೇ ಅಲ್ಲ. ರಿಷಭದ ಬಳಿಯಿಂದ ಮಧ್ಯಮದವರೆಗೆ ತೂಗಾಡಿದಾಗಲೇ ಅದು ತೋಡಿ. ಪ್ಲಗಿನ್ ಕಣ್ಣಿಗೆ ಅದು ತಪ್ಪುಗಳ ಸಾಲಾಗಿ ಕಾಣುತ್ತದೆ. ಜನಪದ ಹಾಡುಗಾರ್ತಿಯರ ಕಂಠದಲ್ಲಿ ಸ್ವರ ಜಾರುವ ಚೆಂದವನ್ನೂ ಅದು ಹೀಗೇ ಸಪಾಟು ಮಾಡುತ್ತದೆ. ಎಲ್ಲೋ ಒಂದು ದೀರ್ಘ ಸ್ವರ ತುಸು ಇಳಿದಿದ್ದರೆ ಅದೊಂದನ್ನೇ ಆರಿಸಿ ಕೈಯಿಂದ ತಿದ್ದಿ. ಇಡೀ ಟ್ರ್ಯಾಕಿಗೆ ತಿದ್ದುಪಡಿ ಹಚ್ಚಿ ಕೈತೊಳೆದುಕೊಳ್ಳುವುದು ಹಾಡಿದವರಿಗೆ ಮಾಡುವ ಅನ್ಯಾಯ.

ಮಿಡಿ ಕೀಬೋರ್ಡಿನಲ್ಲಿ ಸ್ವರದ ಇಂಥ ತೂಗಾಟ, ಅಂದರೆ ಗಮಕ, ತರಲು ಪಿಚ್ ಬೆಂಡ್ ಎಂಬ ಚಕ್ರವಿದೆ. ಅದರಲ್ಲಿ 16,384 ಹಂತಗಳಿವೆ, ಆದ್ದರಿಂದ ನುಣುಪಿಗೆ ಕೊರತೆಯಿಲ್ಲ. ಆದರೆ ಸಾಮಾನ್ಯವಾಗಿ ಅದರ ವ್ಯಾಪ್ತಿ ಮೇಲೆ ಎರಡು, ಕೆಳಗೆ ಎರಡು ಮನೆಗೆ ಸೀಮಿತವಾಗಿರುತ್ತದೆ. ಅದನ್ನು ಹೆಚ್ಚಿಸಿಕೊಂಡು, ಎಡಗೈಯನ್ನು ಪಳಗಿಸಿಕೊಂಡವರು ವೀಣೆಯ ಜಾರು ನುಡಿಸುವುದನ್ನು ಕೇಳಿದ್ದೇನೆ. ವೀಣೆಗೆ ಅದು ಸಾಟಿಯಲ್ಲ, ಆದರೂ ಕೇಳುವಂತಿರುತ್ತದೆ.

ಮನೆಯಲ್ಲೇ ಶುರುಮಾಡಲು ಏನು ಬೇಕು? ಒಂದು ಮೈಕ್, ಅದನ್ನು ಕಂಪ್ಯೂಟರಿಗೆ ಸೇರಿಸುವ ಆಡಿಯೊ ಇಂಟರ್‌ಫೇಸ್, ಕಿವಿ ಮುಚ್ಚುವ ಹೆಡ್‌ಫೋನ್. ಕಂಡೆನ್ಸರ್ ಮೈಕ್ ಆದರೆ ಇಂಟರ್‌ಫೇಸಿನ 48 ವೋಲ್ಟ್ ಗುಂಡಿ ಒತ್ತುವುದನ್ನು ಮರೆಯಬಾರದು. ಹಾಡಿದ್ದು ತಡವಾಗಿ ಕೇಳಿಸುತ್ತಿದ್ದರೆ ತಂತ್ರಾಂಶದ ಆಡಿಯೊ ಸೆಟ್ಟಿಂಗಿನಲ್ಲಿರುವ ಬಫರ್ ಸಂಖ್ಯೆ ಇಳಿಸಿ: 1024ರಲ್ಲಿ ಸುಮಾರು 23 ಮಿಲಿಸೆಕೆಂಡ್ ಆಗುವ ವಿಳಂಬ, 256ಕ್ಕೆ ತಂದರೆ 6ರ ಆಸುಪಾಸಿಗೆ ಬರುತ್ತದೆ. 24 ಬಿಟ್‌ನಲ್ಲಿ ಮುದ್ರಿಸಿ, ದನಿಯ ಶಿಖರ ಮೈನಸ್ 12 ಡೆಸಿಬೆಲ್ ದಾಟದ ಹಾಗೆ ನೋಡಿಕೊಳ್ಳಿ. ಡಿಜಿಟಲ್‌ನಲ್ಲಿ ಸೊನ್ನೆ ದಾಟಿದ ಧ್ವನಿ ಒಡೆದದ್ದು ಒಡೆದದ್ದೇ; ಚೆಂಡೆಯಂಥ ಗಡುಸು ವಾದ್ಯಕ್ಕೆ ಇನ್ನಷ್ಟು ಜಾಗ ಬಿಡಬೇಕು.

ಮೈಕಿಗಿಂತ ಕೋಣೆ ಮುಖ್ಯ ಎಂದು ನಾನು ಒತ್ತಿ ಹೇಳುತ್ತೇನೆ. ನಮ್ಮ ಸಿಮೆಂಟಿನ ಗೋಡೆ, ಟೈಲ್ಸ್ ನೆಲಗಳ ಕೋಣೆಯಲ್ಲಿ ಧ್ವನಿ ಗೋಡೆಯಿಂದ ಗೋಡೆಗೆ ಬಡಿದು ಮೈಕಿಗೆ ಮರಳುತ್ತದೆ, ಆ ಗದ್ದಲವನ್ನು ಯಾವ ಪ್ಲಗಿನ್ನೂ ಪೂರ್ತಿ ತೆಗೆಯಲಾರದು. ಹತ್ತಿಯ ಹಾಸಿಗೆಯೊಂದನ್ನು ಗೋಡೆಗೆ ಒರಗಿಸಿ, ಹಾಡುವವರ ಬೆನ್ನ ಹಿಂದೆ ದಪ್ಪನೆಯ ಕೌದಿ ಇಳಿಬಿಡಿ. ಫ್ಯಾನ್ ಆರಿಸಿ. ಅಕ್ಕಪಕ್ಕದ ಮನೆಗಳ ಮಿಕ್ಸಿ, ಕುಕ್ಕರ್ ಸೀಟಿ ಅಡಗುವ ಹೊತ್ತು ಆರಿಸಿಕೊಳ್ಳಿ.

ತಂತ್ರಾಂಶಕ್ಕೆ ಕಳ್ಳ ಪ್ರತಿ ಹುಡುಕುವ ಅಗತ್ಯವಿಲ್ಲ. ಹಾಡು ನುಡಿಸುವ ತಂತ್ರಾಂಶ ವಿನ್ಯಾಂಪ್ ಬರೆದ ಜಸ್ಟಿನ್ ಫ್ರಾಂಕೆಲ್ ಅವರದೇ ಸೃಷ್ಟಿಯಾದ ರೀಪರ್ ಅನ್ನು 60 ದಿನ ಪೂರ್ಣವಾಗಿ ಬಳಸಿ ನೋಡಬಹುದು, ಸ್ವಂತ ಬಳಕೆಗೆ ಪರವಾನಗಿ 60 ಡಾಲರ್. ಅಮೆಜಾನ್ ಕಂಪನಿಯ ಮೊದಮೊದಲ ಪ್ರೋಗ್ರಾಮರುಗಳಲ್ಲಿ ಒಬ್ಬರಾಗಿದ್ದ ಪಾಲ್ ಡೇವಿಸ್ ಆರಂಭಿಸಿದ ‘ಆರ್ಡರ್’ (Ardour) ಒಂದು ಮುಕ್ತ ತಂತ್ರಾಂಶ. ಅದರ ಮೂಲ ಸಂಕೇತವೇ ಎಲ್ಲರಿಗೂ ತೆರೆದಿದೆ. ಆ್ಯಪಲ್ ಯಂತ್ರ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ. ಯಾವುದರಿಂದ ಬೇಕಾದರೂ ಶುರುಮಾಡಿ, ಆದರೆ ಒಂದನ್ನೇ ಹಿಡಿದು ಕಲಿಯಿರಿ.

ಕೊನೆಗೊಂದು ಕೋರಿಕೆ. ನಿಮ್ಮ ಮನೆಯಲ್ಲಿ, ಊರಿನಲ್ಲಿ ಸೋಬಾನೆ, ಬೀಸುವ ಪದ, ಸಂಪ್ರದಾಯದ ಹಾಡು ಬಲ್ಲ ಅಜ್ಜಿಯರಿದ್ದರೆ ನಿಮ್ಮ ಮೊದಲ ಪ್ರಾಜೆಕ್ಟ್ ಅವರದಾಗಲಿ. ಕ್ಲಿಕ್ ಬೇಡ, ಕೀಬೋರ್ಡ್ ಬೇಡ. 48,000 ಹರ್ಟ್ಸ್, 24 ಬಿಟ್‌ನಲ್ಲಿ ಮುದ್ರಿಸಿ, ಹಾಡಿದವರ ಹೆಸರು, ಊರು, ತಾರೀಖು, ಹಾಡಿನ ಮೊದಲ ಸಾಲನ್ನು ಕಡತದ ಹೆಸರಿನಲ್ಲೇ ಬರೆಯಿರಿ. ಏನನ್ನೂ ಸೇರಿಸದ ಆ ವೇವ್ ಕಡತದ ಎರಡು ಪ್ರತಿಗಳನ್ನು ಬೇರೆ ಬೇರೆ ಡಿಸ್ಕಿನಲ್ಲಿ ಇಟ್ಟು, ಒಂದನ್ನು ಅವರ ಮನೆಯವರಿಗೆ ಕೊಟ್ಟು ಬನ್ನಿ.