ಅಡಿಗೆಮನೆಯ ಗೋಡೆ

ಮನೆಯ ಗೋಡೆಗಳಲ್ಲೆಲ್ಲ ಹೆಚ್ಚು ದುಡಿಯುವುದು ಅಡಿಗೆಮನೆಯ ಗೋಡೆ. ಹೊಗೆ, ಹಬೆ, ಒಗ್ಗರಣೆಯ ಸಿಡಿತ, ಮಳೆಗಾಲದ ಶೀತ ಎಲ್ಲವನ್ನೂ ಅದು ತಡೆದುಕೊಳ್ಳಬೇಕು. ಆದರೂ ದುರಸ್ತಿಯ ಮಾತು ಬಂದಾಗ ಜಗಲಿಗೆ ಮೊದಲ ಮರ್ಯಾದೆ, ಅಡಿಗೆಮನೆಗೆ ಕಡೆಯ ಸರದಿ. ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿ ಆ ಸರದಿ ಈಗ ಬಂದಿದೆ. 2016ರಲ್ಲಿ ಉಜ್ವಲ ಯೋಜನೆ ಆರಂಭವಾದ ಮೇಲೆ ಅನೇಕ ಮನೆಗಳಿಗೆ ಗ್ಯಾಸಿನ ಒಲೆ ಬಂದಿತು. ಒಲೆ ಹೊಸದಾದೊಡನೆ ಗೋಡೆಯ ಮಸಿ ಕಣ್ಣಿಗೆ ಬೀಳತೊಡಗಿತು. ಆ ಗೋಡೆಯನ್ನು ಸರಿಪಡಿಸುವ ಕ್ರಮವನ್ನು, ನಮ್ಮ ಮನೆಯಲ್ಲಿಯೇ ಆದ ತಪ್ಪಿನಿಂದ ಕಲಿತಂತೆ, ಇಲ್ಲಿ ನಿವೇದಿಸುತ್ತೇನೆ.

ತಪ್ಪು ನನ್ನದೇ. ಕಾಲೇಜಿನ ಗೆಳೆಯರು ಮನೆಗೆ ಬರುವರೆಂದು ನಾಚಿ, ಮಣ್ಣಿನ ಗೋಡೆಗೆ ಸಿಮೆಂಟು ಬಳಿಸೋಣವೆಂದು ಅಪ್ಪನನ್ನು ಒಪ್ಪಿಸಿದೆ. ಹಳೆಯದನ್ನೆಲ್ಲ ಒಂದೇ ದಿನದಲ್ಲಿ ಕೆರೆದು ಹಾಕಿದರು. ಬೇಸಗೆಯಲ್ಲಿ ಗೋಡೆ ಕನ್ನಡಿಯಂತಿತ್ತು. ಒಂದು ಮಳೆಗಾಲ ಕಳೆಯುವುದರೊಳಗೆ ಸಿಮೆಂಟು ಹಪ್ಪಳದಂತೆ ಉಬ್ಬಿ, ಬುಡದಿಂದ ಕಳಚಿಬಿತ್ತು.

ಇದಕ್ಕೆ ಕಾರಣವೇನು? ಮಣ್ಣಿನ ಗೋಡೆ ನೆಲದಿಂದಲೂ ಗಾಳಿಯಿಂದಲೂ ತೇವವನ್ನು ಹೀರಿ, ಬಿಸಿಲು ಬಂದಾಗ ಹೊರಬಿಡುತ್ತದೆ. ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಿಮೆಂಟು ಗಡುಸು, ಮಣ್ಣಿನೊಡನೆ ಹಿಗ್ಗಿ ಕುಗ್ಗಲಾರದು, ತೇವಕ್ಕೆ ಸುಲಭವಾಗಿ ದಾರಿಯನ್ನೂ ಬಿಡದು. ಒಳಗೆ ನಿಂತ ನೀರು ಮಣ್ಣನ್ನು ಸಡಿಲಿಸುತ್ತದೆ, ಗಿಲಾವು ಕೈಬಿಡುತ್ತದೆ. ಪೋರ್ಟ್‌ಲೆಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟು ದೊರೆತದ್ದು 1824ರಲ್ಲಿ. ಮಣ್ಣಿನ ಗೋಡೆ ಅದಕ್ಕಿಂತ ಸಾವಿರಾರು ವರ್ಷ ಹಿರಿಯದು. ಹಿರಿಯನಿಗೆ ಹೊಂದುವ ಅಂಗಿಯನ್ನೇ ತೊಡಿಸಬೇಕು.

ಆದುದರಿಂದ ಮೊದಲ ಕೆಲಸ ಕೆರೆಯುವುದಲ್ಲ, ನೋಡುವುದು. ಹೆಂಚು ಸೋರುತ್ತಿದೆಯೇ? ಹೊರಗಡೆ ಗೋಡೆಯ ಬುಡದಲ್ಲಿ ಬಚ್ಚಲ ನೀರು ನಿಲ್ಲುತ್ತಿದೆಯೇ? ಇವನ್ನು ಸರಿಪಡಿಸದೆ ಒಳಗೆ ಎಷ್ಟು ಬಳಿದರೂ ವ್ಯರ್ಥ. ಆಮೇಲೆ ಬೆರಳ ಗಿಣ್ಣಿನಿಂದ ಗೋಡೆಯನ್ನು ತಟ್ಟಿ ಬರಬೇಕು. ಗಟ್ಟಿ ಸದ್ದು ಬಂದರೆ ಹಾಗೆಯೇ ಬಿಡಬಹುದು. ಪೊಳ್ಳು ಸದ್ದು ಬಂದಷ್ಟನ್ನು ಮಾತ್ರ ತೆಗೆಯಬೇಕು.

ಪಟ್ಟಣದ ಮನೆಗಳ ಬಣ್ಣದ ವಾಲ್‌ಪೇಪರಿಗೆ ನಮ್ಮಲ್ಲೊಬ್ಬ ಬಡ ನೆಂಟನಿದ್ದಾನೆ. ಉದುರುವ ಮಣ್ಣನ್ನೂ ಮಸಿಯನ್ನೂ ಮರೆಮಾಡಲು ಮೈದಾ ಗಂಜಿಯಿಂದ ಅಂಟಿಸಿದ ಹಳೆಯ ಪತ್ರಿಕೆ, ಕ್ಯಾಲೆಂಡರುಗಳೇ ಆತ. ಇವನ್ನು ಒಣಗಿದ್ದಾಗ ಎಳೆದರೆ ಮಣ್ಣೂ ಜೊತೆಗೆ ಬರುತ್ತದೆ. ಮೊದಲು ವಿದ್ಯುತ್ತಿನ ಮೈನ್ ಸ್ವಿಚ್ಚನ್ನು ಆರಿಸಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಕಾಗದಕ್ಕೆ ಒತ್ತಿ ಹಿಡಿದರೆ ಗಂಜಿ ನೆನೆಯುತ್ತದೆ. ಹತ್ತು ನಿಮಿಷ ಬಿಟ್ಟು, ಮೇಲಿನ ಅಂಚಿನಿಂದ ಮೆಲ್ಲಗೆ ಬಿಡಿಸಬೇಕು. ನೀರು ಹೆಚ್ಚಾದರೆ ಗೋಡೆಯೇ ಕರಗೀತು. ಈಚೆಗೆ ಪೇಟೆಯಲ್ಲಿ ಸಿಗುವ, ಹಿಂಬದಿಗೆ ಅಂಟು ಸವರಿದ ಪ್ಲಾಸ್ಟಿಕ್ ಹಾಳೆ ಶೀತದ ಗೋಡೆಗೆ ಸಲ್ಲದು. ಸಿಮೆಂಟಿನಂತೆ ಅದೂ ತೇವವನ್ನು ಒಳಗೇ ಕೂಡಿಹಾಕುತ್ತದೆ.

ಮಸಿಯ ಮೇಲೆಯೇ ಸುಣ್ಣ ಬಳಿಯುವುದು ಇನ್ನೊಂದು ತಪ್ಪು. ಸೌದೆಯ ಹೊಗೆಯಲ್ಲಿರುವ ಜಿಡ್ಡು ಸುಣ್ಣವನ್ನು ದಾಟಿ ಕಂದು ಕಲೆಯಾಗಿ ಮೂಡುತ್ತದೆ. ಗಾರೆಯ ಗೋಡೆಯಾದರೆ ವಾಷಿಂಗ್ ಸೋಡದ ನೀರಿನಿಂದ ಉಜ್ಜಿ ತೊಳೆಯಬಹುದು. ಮಣ್ಣಿನ ಗೋಡೆಯಾದರೆ ಇಲ್ಲಣವನ್ನು ಒಣ ಪೊರಕೆಯಿಂದ ಗುಡಿಸಿ, ಮಸಿ ಕುಡಿದ ಮೇಲ್ಪದರವನ್ನಷ್ಟೇ ಕೆರೆದು, ಹೊಸ ಮಣ್ಣು ಮೆತ್ತಬೇಕು.

ಆ ಮಣ್ಣಿನ ಹದವನ್ನು ಪರೀಕ್ಷಿಸುವುದು ಸುಲಭ. ಉಂಡೆ ಮಾಡಿ ಒಣಗಿಸಿದಾಗ ಬಿರುಕು ಬಿಟ್ಟರೆ ಜೇಡಿ ಹೆಚ್ಚು, ಮರಳು ಸೇರಿಸಬೇಕು. ಪುಡಿಯಾದರೆ ಮರಳು ಹೆಚ್ಚು, ಜೇಡಿ ಸೇರಿಸಬೇಕು. ಜರಡಿ ಹಿಡಿದ ಮಣ್ಣಿಗೆ ಕತ್ತರಿಸಿದ ಹುಲ್ಲನ್ನು ಬೆರೆಸಿ, ಕೆಲವು ದಿನ ನೆನೆಹಾಕಿ, ತುಳಿದು ಹದಗೊಳಿಸಬೇಕು. ಗೋಡೆಗೆ ನೀರು ಚಿಮುಕಿಸಿ ಮೊದಲ ಪದರವನ್ನು ಮೆತ್ತಬೇಕು. ಅದು ಒಣಗಿ ಸಣ್ಣ ಬಿರುಕು ಬಿಟ್ಟರೆ ಗಾಬರಿ ಬೇಡ. ಸಗಣಿ ಬೆರೆಸಿದ ನುಣುಪು ಮಣ್ಣಿನ ಎರಡನೆಯ ಪದರ ಅದನ್ನು ಮುಚ್ಚುತ್ತದೆ. ಇಷ್ಟೆಲ್ಲ ಚೆನ್ನಾಗಿ ಒಣಗಿದ ಮೇಲೆ ತೆಳ್ಳಗಿನ ಸುಣ್ಣವನ್ನು ಎರಡು ಮೂರು ಸಲ ಬಳಿಯಬೇಕು. ಸುಣ್ಣ ಗಾಳಿಯ ಇಂಗಾಲಾಮ್ಲವನ್ನು ಹೀರಿ ಮರಳಿ ಕಲ್ಲಾಗುತ್ತದೆ, ಆದರೆ ಗೋಡೆಯ ಉಸಿರು ಕಟ್ಟುವುದಿಲ್ಲ. ಸುಟ್ಟ ಸುಣ್ಣವನ್ನು ಅರಳಿಸುವಾಗ ಅದು ಕುದಿದು ಸಿಡಿಯುವುದರಿಂದ ಕಣ್ಣು ಜೋಪಾನ. ಈ ಕೆಲಸಕ್ಕೆಲ್ಲ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣ ದಿನಗಳು ಉತ್ತಮ.

ಈ ಕ್ರಮದಲ್ಲಿಯೇ ಸೊರಬದ ಕಡೆ ನನ್ನ ಸೋದರತ್ತೆಯ ಮನೆಯಲ್ಲಿ ಕೆಲಸ ಮಾಡಿದೆವು. ಮನೆ ಪಾಲಾದಾಗ ಅವರ ನಡುಮನೆಯೇ ಅಡಿಗೆಮನೆಯಾಗಿತ್ತು. ನೆನೆದ ಕಾಗದವನ್ನು ಬಿಡಿಸುತ್ತಿದ್ದಂತೆ ಕೆಮ್ಮಣ್ಣಿನ ಮೇಲೆ ಬಿಳಿಯ ಎಳೆಗಳು ಕಾಣಿಸಿದವು. ಅದು ಹಸೆ ಚಿತ್ತಾರ. ನಮ್ಮ ದೀವರ ಹೆಂಗಸರು ಮದುವೆಗೆಂದು ಅಕ್ಕಿ ಹಿಟ್ಟಿನ ಬಿಳಿಯನ್ನೂ ಹುರಿದ ಅಕ್ಕಿಯ ಕಪ್ಪನ್ನೂ ಪುಂಡಿನಾರಿನ ಕುಂಚದಿಂದ ಎಳೆದು ಬರೆಯುವ ಚಿತ್ರ. ಅತ್ತೆ ಕೈ ತಡೆದು, “ಸಾಕು ಮಾರಾಯ, ಅದನ್ನ ಹಾಗೇ ಬಿಡು. ನಮ್ಮತ್ತೆ ಬರೆದಿದ್ದು ಅದು” ಎಂದರು. ಆ ಭಾಗವನ್ನು ಬಿಟ್ಟು ಸುತ್ತಲೂ ಮಣ್ಣು ಮೆತ್ತಿದೆವು.

ಊರಿಗೆ ಬಂದು ಇದನ್ನು ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಗೋಡೆಯಲ್ಲೂ ಇತ್ತು ಕಣೋ” ಎಂದಳು. ಕೆರೆಯುವ ದಿನ ನಾನು ಅವಳನ್ನು ಕೇಳಿರಲಿಲ್ಲ. ಸಿಮೆಂಟು ಬಿದ್ದುದರ ನಷ್ಟವನ್ನು ಮಣ್ಣು ಮೆತ್ತಿ ತುಂಬಿಕೊಂಡೆವು. ಇನ್ನೊಂದು ನಷ್ಟಕ್ಕೆ ಮದ್ದಿಲ್ಲ. ಹಳೆಯ ಗೋಡೆಗೆ ಕೈ ಹಾಕುವ ಮಿತ್ರರು ಕರಣೆ ಹಿಡಿಯುವ ಮೊದಲು, ಆ ಗೋಡೆಯ ಮುಂದೆ ಇಷ್ಟು ವರ್ಷ ಅಡಿಗೆ ಮಾಡಿದವರನ್ನು ಒಂದು ಮಾತು ಕೇಳಲಿ.