ಮುಳುಗಿಸಿದ ಯುದ್ಧನೌಕೆಗಳೂ ಕಡಲೊಳಗಿನ ಕೃತಕ ದಿಬ್ಬಗಳೂ

ಸೇವೆಯಿಂದ ನಿವೃತ್ತವಾದ ಯುದ್ಧನೌಕೆಗೆ ಮೂರು ಗತಿಗಳುಂಟು: ಒಡೆದು ಲೋಹವನ್ನು ಮಾರುವುದು ಒಂದು, ದಡದಲ್ಲಿ ನಿಲ್ಲಿಸಿ ಸ್ಮಾರಕವಾಗಿ ಕಾಪಾಡುವುದು ಎರಡು, ಕಡಲ ತಳಕ್ಕಿಳಿಸಿ ಜಲಚರಗಳಿಗೆ ನೆಲೆಯಾಗಿಸುವುದು ಮೂರು. ಇವುಗಳಲ್ಲಿ ಎರಡನೆಯದಕ್ಕೆ ಕಾರವಾರದಲ್ಲಿಯೇ ನಿದರ್ಶನವುಂಟು. 2005ರಲ್ಲಿ ನಿವೃತ್ತವಾದ ‘ಚಪಲ್’ ಎಂಬ ಕ್ಷಿಪಣಿನೌಕೆಯನ್ನು ಅಲ್ಲಿನ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವನ್ನಾಗಿ ಮಾಡಲಾಯಿತು. ಮೂರನೆಯ ಗತಿಗೆ ಉದ್ದೇಶಿತವಾದ ನೌಕೆಯೂ ಅದೇ ಊರಿನಲ್ಲಿ ಕೈ ಬದಲಾಯಿಸಿತು. 1985ರ ಡಿಸೆಂಬರಿನಲ್ಲಿ ಪೋಲೆಂಡಿನಲ್ಲಿ ಭಾರತದ ನೌಕಾದಳವನ್ನು ಸೇರಿದ, ಸುಮಾರು 84 ಮೀಟರು ಉದ್ದದ ‘ಗುಲ್ದಾರ್’ 2025ರ ಜನವರಿಯಲ್ಲಿ ನಿವೃತ್ತವಾಯಿತು. ಮರುತಿಂಗಳು ಕಾರವಾರದಲ್ಲಿ ಅದನ್ನು ಮಹಾರಾಷ್ಟ್ರದ ಪ್ರವಾಸೋದ್ಯಮ ನಿಗಮಕ್ಕೆ ಒಪ್ಪಿಸಲಾಯಿತು. ಸಿಂಧುದುರ್ಗ ಜಿಲ್ಲೆಯ ನಿವತಿ ಬಂಡೆಗಳ ಸಮೀಪದಲ್ಲಿ ಅದನ್ನು ಮುಳುಗಿಸಿ, ನೀರೊಳಗಿನ ಸಂಗ್ರಹಾಲಯವನ್ನೂ ಕೃತಕ ದಿಬ್ಬವನ್ನೂ ನಿರ್ಮಿಸುವುದು ಯೋಜನೆಯ ಉದ್ದೇಶ.

ಇಂತಹ ದಿಬ್ಬವನ್ನು ‘ಕೃತಕ ಹವಳದಿಬ್ಬ’ವೆಂದು ಕರೆಯುವ ರೂಢಿಯುಂಟು, ಆ ಹೆಸರು ಸಮಂಜಸವಲ್ಲ. ಹವಳದಿಬ್ಬವು ಅತಿಸೂಕ್ಷ್ಮ ಜೀವಿಗಳು ಸಾವಿರಾರು ವರ್ಷಗಳಲ್ಲಿ ಸುಣ್ಣದಿಂದ ಕಟ್ಟಿದ್ದು. ಮುಳುಗಿದ ನೌಕೆಯಾದರೋ ಕಾಲೂರುವುದಕ್ಕೆ ತಾಣವನ್ನು ಮಾತ್ರ ಒದಗಿಸುತ್ತದೆ. ಮರಳು ಕೆಸರುಗಳ ತಳದಲ್ಲಿ ಸಿಂಪಿ, ಸ್ಪಂಜು ಮೊದಲಾದವುಗಳ ಮರಿಗಳಿಗೆ ಅಂಟಿಕೊಳ್ಳಲು ಗಟ್ಟಿಯಾದ ಆಸರೆ ದುರ್ಲಭ. ಉಕ್ಕಿನ ಗೋಡೆ ದೊರೆತೊಡನೆ ಅವು ಅಲ್ಲಿ ನೆಲಸುತ್ತವೆ. ಅವುಗಳ ನಡುವೆ ಕಿರುಮೀನುಗಳೂ, ಕಿರುಮೀನುಗಳನ್ನರಸಿ ಮುರುವಿನಂತಹ ದೊಡ್ಡ ಮೀನುಗಳೂ ಸೇರುತ್ತವೆ.

ಹಾಗಾದರೆ ನೌಕೆಯನ್ನು ಮುಳುಗಿಸುವುದಕ್ಕೂ ಕಡಲಿಗೆ ಕಸವನ್ನು ಎಸೆಯುವುದಕ್ಕೂ ಭೇದವೇನು? 1972ರ ಲಂಡನ್ ಒಪ್ಪಂದವು ಈ ಭೇದವನ್ನು ಉದ್ದೇಶದಲ್ಲಿ ಇರಿಸಿದೆ. ಕೇವಲ ವಿಸರ್ಜನೆಗಾಗಿಯಲ್ಲದೆ ಬೇರೊಂದು ಪ್ರಯೋಜನಕ್ಕಾಗಿ, ಒಪ್ಪಂದದ ಗುರಿಗಳಿಗೆ ವಿರೋಧವಾಗದಂತೆ ಇರಿಸಿದ ವಸ್ತುವು ಎಸೆದದ್ದೆಂದು ಎಣಿಸಲ್ಪಡುವುದಿಲ್ಲ. ಆದಕಾರಣ ‘ದಿಬ್ಬ’ವೆಂಬ ಒಂದು ಶಬ್ದದ ಮೇಲೆ ಬಹಳ ಭಾರ ಬಿದ್ದಿದೆ. ಶಬ್ದವನ್ನು ನುಡಿದ ಮಾತ್ರಕ್ಕೆ ಉದ್ದೇಶವು ಸಿದ್ಧಿಸುವುದಿಲ್ಲ. ಕಾರ್ಯವು ಅದನ್ನು ಸಮರ್ಥಿಸಬೇಕು.

ಮೊದಲನೆಯ ಕಾರ್ಯ ಶುದ್ಧೀಕರಣ. ಹಳೆಯ ನೌಕೆಗಳಲ್ಲಿ ತೈಲ, ಕಲ್ನಾರು, ವಿಷಯುಕ್ತ ಬಣ್ಣಗಳು ಇರುತ್ತವೆ. 2006ರ ಮೇ 17ರಂದು ಅಮೆರಿಕದ ಫ್ಲಾರಿಡಾ ತೀರದಾಚೆ ಮುಳುಗಿಸಿದ ‘ಒರಿಸ್ಕನಿ’ ಎಂಬ ವಿಮಾನವಾಹಕ ನೌಕೆಯ ತಂತಿಗಳ ಹೊದಿಕೆಯಲ್ಲಿ ಪಿ.ಸಿ.ಬಿ. ಎಂಬ ವಿಷದ್ರವ್ಯವು ಸ್ವಲ್ಪ ಉಳಿದಿತ್ತು. ಆದುದರಿಂದ ಮುಂದೆ ಅಲ್ಲಿನ ಮೀನುಗಳನ್ನು ಪರೀಕ್ಷಿಸುತ್ತಿರಬೇಕಾಯಿತು. ಎರಡನೆಯದು ಸ್ಥಳನಿರ್ಣಯ. ಪೆಸಿಫಿಕ್ ಸಾಗರದ ಪಾಲ್ಮೈರಾ ಹವಳದ್ವೀಪದಲ್ಲಿ 1991ರಲ್ಲಿ ಮೀನುಗಾರಿಕೆಯ ಹಡಗೊಂದು ಆಕಸ್ಮಿಕವಾಗಿ ಮುಳುಗಿತು. ಅದರ ಸುತ್ತ ಹವಳವನ್ನು ಹೋಲುವ ಬೇರೊಂದು ಜೀವಿ ಹಬ್ಬಿ ನಿಜವಾದ ಹವಳಗಳನ್ನು ಮುಚ್ಚಿತು. ಕರಗಿದ ಕಬ್ಬಿಣವೇ ಅದಕ್ಕೆ ಪೋಷಣೆಯಾಯಿತೆಂದು ಊಹಿಸಲಾಗಿದೆ. ಕಡೆಗೆ ಆ ಅವಶೇಷವನ್ನು ಎತ್ತಿಹಾಕಬೇಕಾಯಿತು.

ಮೂರನೆಯ ಪ್ರಶ್ನೆ ಮೀನುಗಾರರಿಗೆ ಸಂಬಂಧಿಸಿದ್ದು. ನೌಕೆಯ ಸುತ್ತ ಮೀನು ಹೆಚ್ಚಾಗಿ ಕಂಡರೆ ಅದು ಅಲ್ಲಿ ಹುಟ್ಟಿ ಬೆಳೆದುದೋ, ಸುತ್ತಣ ನೀರಿನಿಂದ ಬಂದು ನೆರೆದುದೋ? ಮೊದಲನೆಯದಾದರೆ ಸಂಪತ್ತು ವೃದ್ಧಿಯಾಯಿತು. ಎರಡನೆಯದಾದರೆ ಚದರಿದ್ದ ಮೀನನ್ನು ಒಂದೆಡೆ ಕೂಡಿಸಿ ಬಲೆಗೆ ಸುಲಭ ಮಾಡಿಕೊಟ್ಟಂತಾಯಿತು. ವಿದ್ವಾಂಸರಲ್ಲಿ ಈ ಚರ್ಚೆ ಇನ್ನೂ ಮುಗಿದಿಲ್ಲ. ಉತ್ತರವು ಸ್ಥಳದಿಂದ ಸ್ಥಳಕ್ಕೆ, ಮೀನಿನ ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಆದುದರಿಂದ ಮುಳುಗಿಸುವ ಮುನ್ನ ಅಲ್ಲಿನ ಮೀನಿನ ಗಣನೆ, ಬಳಿಕ ಹಿಡಿಯುವುದಕ್ಕೆ ಮಿತಿ, ಅನೇಕ ವರ್ಷಗಳ ಅವಲೋಕನ ಇವು ಮೂರೂ ಆವಶ್ಯಕ.

ನೌಕೆಯು ತಳವನ್ನು ಸೇರಲು ಕೆಲವು ನಿಮಿಷಗಳು ಸಾಕು; ಅದು ದಿಬ್ಬವಾಯಿತೆಂದು ಹೇಳಲು ವರ್ಷಗಳೇ ಬೇಕು.