ಹಸುವಿನ ಭ್ರೂಣದಲ್ಲಿ ತಪ್ಪುವ ಲೆಕ್ಕ

ಹಸುವಿನ ಜೀವಕೋಶದಲ್ಲಿರಬೇಕಾದ ವರ್ಣತಂತುಗಳು 60. ಅಂಡಾಣುವಿನಿಂದ 30, ವೀರ್ಯಾಣುವಿನಿಂದ 30. ಐವಿಎಫ್ ಪ್ರಯೋಗಾಲಯದಲ್ಲಿ ಬೆಳೆದ ಭ್ರೂಣಗಳಲ್ಲಿ ಈ ಲೆಕ್ಕ ಎಷ್ಟು ಸಲ ತಪ್ಪುತ್ತದೆ ಎಂಬುದನ್ನು ಡೆನ್ಮಾರ್ಕಿನ ಸಂಶೋಧಕರು 1999ರಲ್ಲಿ ಪ್ರಕಟಿಸಿದಾಗ ಅನೇಕರು ಹುಬ್ಬೇರಿಸಿರಬೇಕು. ಅವರು ನೋಡಿದ ಪ್ರಯೋಗಾಲಯದ ಭ್ರೂಣಗಳಲ್ಲಿ ಶೇ 72ರಷ್ಟು ಬೆರಕೆಯವು. ಅಂದರೆ ಕೆಲವು ಕೋಶಗಳಲ್ಲಿ ಸರಿಯಾಗಿ 60, ಪಕ್ಕದ ಕೋಶದಲ್ಲಿ 90 ಅಥವಾ 120. ಹಸುವಿನ ಗರ್ಭದಲ್ಲೇ ಬೆಳೆದ ಭ್ರೂಣಗಳಲ್ಲಿ ಈ ಪ್ರಮಾಣ ಶೇ 25.

ಕಾರಣ ಒಂದೇ ಅಲ್ಲ. ಪ್ರಯೋಗಾಲಯದ ಬಟ್ಟಲಿನಲ್ಲಿ ಎರಡು ವೀರ್ಯಾಣುಗಳು ಒಂದೇ ಅಂಡಾಣುವಿನೊಳಗೆ ನುಗ್ಗಿದರೆ ಅಲ್ಲಿಗೇ 90 ಆಯಿತು. ಅಂಡಾಣುವನ್ನು ಸುಮಾರು ಒಂದು ದಿನ ಹೊರಗೆ ಮಾಗಿಸುವಾಗಲೂ ಎಡವಟ್ಟಾಗಬಹುದು. ಇವೆರಡಕ್ಕಿಂತ ಕುತೂಹಲದ್ದು ಮೊದಲ ಕೋಶ ವಿಭಜನೆಯಲ್ಲಿ ನಡೆಯುವ ಸಂಗತಿ. ಗರ್ಭ ಕಟ್ಟಿದ ಕ್ಷಣವೇ ತಂದೆ ತಾಯಿಯರ ವರ್ಣತಂತುಗಳು ಕಲೆತುಬಿಡುತ್ತವೆ ಎಂದು ನಾವು ಶಾಲೆಯಲ್ಲಿ ಓದಿದ ಚಿತ್ರ ಪೂರ್ತಿ ನಿಜವಲ್ಲ. ಅವು ಬೇರೆ ಬೇರೆ ಕೋಶಕೇಂದ್ರಗಳಲ್ಲಿದ್ದು, ಮದುವೆಯ ಅಂತರಪಟದ ಎರಡು ಬದಿಯಲ್ಲಿ ನಿಂತ ವಧೂವರರಂತೆ ಅಕ್ಕಪಕ್ಕ ಕಾಯುತ್ತವೆ. ಪೊರೆ ಹರಿಯುವ ಮೊದಲೇ ಎರಡೂ ಕಡೆಯ ವರ್ಣತಂತುಗಳು ಗಡಿಯ ಹತ್ತಿರ ಸೇರಿಕೊಂಡಿರಬೇಕು. ಜರ್ಮನಿಯ ಗಟಿಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಮೆಲಿನಾ ಶೂ ಅವರ ತಂಡ ಹಸುವಿನ ಭ್ರೂಣಗಳಲ್ಲಿ ಇದನ್ನು ಕಣ್ಣಾರೆ ಕಂಡು 2021ರಲ್ಲಿ ವರದಿ ಮಾಡಿತು. ದೂರ ಉಳಿದ ವರ್ಣತಂತು ವಿಭಜನೆಯಲ್ಲಿ ತಪ್ಪು ಪಾಲಿಗೆ ಹೋಗುತ್ತದೆ, ಇಲ್ಲವೇ ಕಳೆದೇಹೋಗುತ್ತದೆ.

ಈ ತಂಡಕ್ಕೆ ಇಲಿ ಸಾಲದೆ ಹಸುವೇ ಬೇಕಾಯಿತೇಕೆ? ಮನುಷ್ಯ ಭ್ರೂಣದ ಸಂಶೋಧನೆಗೆ ಜರ್ಮನಿಯ ಕಾನೂನು ಅಡ್ಡ ಬರುತ್ತದೆ. ಮೊದಲ ವಿಭಜನೆಯ ಮಟ್ಟಿಗೆ ಹಸುವಿನ ಭ್ರೂಣ ಇಲಿಯದಕ್ಕಿಂತ ನಮ್ಮದನ್ನೇ ಹೆಚ್ಚು ಹೋಲುತ್ತದೆ. ಕಸಾಯಿಖಾನೆಯಲ್ಲಿ ಬಿಸಾಡುವ ಅಂಡಾಶಯದಿಂದ ಅಂಡಾಣುಗಳೂ ಧಾರಾಳವಾಗಿ ಸಿಗುತ್ತವೆ.

ಭ್ರೂಣದಲ್ಲಾಗುವ ಈ ಲೆಕ್ಕದ ತಪ್ಪನ್ನು ವಂಶದೋಷದ ಜೊತೆ ಗೊಂದಲ ಮಾಡಿಕೊಳ್ಳಬಾರದು. 1964ರಲ್ಲಿ ಸ್ವೀಡನ್ನಿನ ಇಂಗೆಮಾರ್ ಗುಸ್ತಾವ್‌ಸನ್ ಗುರುತಿಸಿದ ದೋಷದಲ್ಲಿ 1 ಮತ್ತು 29ನೇ ವರ್ಣತಂತುಗಳು ಅಂಟಿಕೊಂಡು ಲೆಕ್ಕ 59ಕ್ಕೆ ಇಳಿಯುತ್ತದೆ. ಹೋರಿ ದಷ್ಟಪುಷ್ಟವಾಗಿಯೇ ಕಾಣುತ್ತದೆ, ಸಂತಾನಶಕ್ತಿ ಮಾತ್ರ ಕುಗ್ಗುತ್ತದೆ. ಅದು ತಲೆಮಾರಿನಿಂದ ತಲೆಮಾರಿಗೆ ದಾಟುತ್ತದೆ, ಹೋರಿಯ ರಕ್ತಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಬಟ್ಟಲಿನಲ್ಲಾಗುವ ತಪ್ಪನ್ನು ಹೋರಿಯ ವಂಶದೋಷವೆಂದೂ ಅಂಡಾಣು ಕೊಟ್ಟ ಹಸುವಿನ ವಂಶದೋಷವೆಂದೂ ದೂರುವಂತಿಲ್ಲ.

ಹಾಗೆಂದು ಬೆರಕೆ ಭ್ರೂಣವೆಲ್ಲ ವ್ಯರ್ಥವೇ? ಅಲ್ಲ. ಡೆನ್ಮಾರ್ಕಿನವರು ಕಂಡ ಹೆಚ್ಚಿನ ಭ್ರೂಣಗಳಲ್ಲಿ ತಪ್ಪಿದ ಕೋಶಗಳು ಹತ್ತರಲ್ಲೊಂದಕ್ಕಿಂತ ಕಡಿಮೆ. ಕರುವಾಗುವ ಭಾಗದಲ್ಲಲ್ಲದೆ ಮಾಸು ಕಟ್ಟುವ ಹೊರಪದರದಲ್ಲಿ ಇಂಥ ಕೋಶಗಳಿದ್ದರೆ ಅಷ್ಟು ತೊಂದರೆಯಿಲ್ಲ. ಹಸುವಿನ ಮಾಸಿನಲ್ಲಿ ಹೆಚ್ಚು ವರ್ಣತಂತುಗಳ ಕೋಶಗಳು ಸಹಜವಾಗಿಯೇ ಇರುತ್ತವೆ. ಇಡೀ ಭ್ರೂಣವೇ ತಪ್ಪಿದ್ದರೆ ಮಾತ್ರ ಅದು ಸಾಮಾನ್ಯವಾಗಿ ಬೇಗ ಕರಗಿಹೋಗುತ್ತದೆ. ತೊಡಕೇನೆಂದರೆ, ಏಳನೇ ದಿನ ಸೂಕ್ಷ್ಮದರ್ಶಕದಡಿ ದುಂಡಗೆ ಚೆಂದ ಕಾಣುವ ಭ್ರೂಣದೊಳಗೂ ಲೆಕ್ಕ ತಪ್ಪಿರಬಹುದು. ಕೆಲವು ಕೋಶಗಳನ್ನು ಕಿತ್ತು ಪರೀಕ್ಷಿಸುವ ವಿಧಾನ ಇದೆಯಾದರೂ ಅದು ದುಬಾರಿ. ಆ ಕೆಲವು ಕೋಶಗಳು ಇಡೀ ಭ್ರೂಣದ ಕಥೆ ಹೇಳುತ್ತವೆಂಬ ಖಾತ್ರಿಯೂ ಇಲ್ಲ.

ರಾಷ್ಟ್ರೀಯ ಗೋಕುಲ್ ಮಿಷನ್ ಮೂಲಕ ಐವಿಎಫ್ ಈಗ ನಮ್ಮ ಹೈನುಗಾರರ ಕೊಟ್ಟಿಗೆಗೂ ಬರುತ್ತಿದೆ. ಭ್ರೂಣ ಇಟ್ಟ ಮೇಲೂ ಗಬ್ಬ ನಿಲ್ಲದಿದ್ದರೆ, ತಪ್ಪು ಭ್ರೂಣದ ಲೆಕ್ಕದಲ್ಲೇ ಇರಬಹುದು; ಒಂದೇ ಸಲಕ್ಕೆ ಹಸುವನ್ನು ಗೊಡ್ಡೆಂದು ಸಂತೆಗೆ ಹೊಡೆಯಬೇಡಿ. ಪಶುವೈದ್ಯರಿಂದ ಅದರ ಗರ್ಭಕೋಶ ಪರೀಕ್ಷೆ ಮಾಡಿಸಿ, ಮುಂದಿನ ಬೆದೆಗೆ ಕಾಯಿರಿ.